ಬೂರುಗದ ಹತ್ತಿಯೂ ಊರವರ ನಿದ್ದೆಯೂ

ನಿದ್ದೆ ಬರುತ್ತಿಲ್ಲ ಅನ್ನುವುದನ್ನು ಜನ ಡಾಕ್ಟರ ಹತ್ತಿರ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಗಾದಿ ಹೊಲಿಯುವವನ ಹತ್ತಿರ ಮಾತ್ರ ಯಾಕೆ ಬರುತ್ತಿಲ್ಲ, ಪಕ್ಕದಲ್ಲಿ ಮಲಗುವವರು ಏನನ್ನುತ್ತಾರೆ, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಹಾಗಾಗಿ ಚಿತ್ರದುರ್ಗದ ನಮ್ಮ ಅಂಗಡಿಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ನಮ್ಮದು ಹತ್ತಿ ಹಿಂಜುವ ಮನೆತನ. ನಮ್ಮ ಅಬ್ಬಾ ಬಿಲ್ಲು ಹಿಡಿದು ಹಿಂಜುತ್ತಿದ್ದರು, ನಾನು ಯಂತ್ರ ಇಟ್ಟಿದ್ದೇನೆ. ಗವಸು ಹೊಲಿಯುವುದು ನನ್ನ ಹೆಂಡತಿ. ಸ್ಪಂಜಿನ ಹಾಸಿಗೆ ಬಂದ ಮೇಲೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಅದರ ಮೇಲೆ ಬೆವರಿ ಬೇಸತ್ತವರು ಒಬ್ಬೊಬ್ಬರಾಗಿ ಹತ್ತಿಗೆ, ನಾರಿಗೆ ವಾಪಸ್ ಬರುತ್ತಿದ್ದಾರೆ.

ನೋಡಿ ತಗೊಳ್ಳುವ ಗಿರಾಕಿ

ಒಂದು ಬೇಸಿಗೆಯಲ್ಲಿ ಹಿರಿಯೂರಿನ ಕಿರಾಣಿ ಅಂಗಡಿಯವರೊಬ್ಬರು ಬಂದರು. ಸ್ಪಂಜಿನ ದಿಂಬಿನ ಮೇಲೆ ತಲೆ ಇಟ್ಟರೆ ಕತ್ತೆಲ್ಲ ಒದ್ದೆಯಾಗಿ ಕಣ್ಣೇ ಮುಚ್ಚುವುದಿಲ್ಲ ಅಂದರು. ಬೂರುಗದ ಹತ್ತಿ ಹಗುರ, ಒಳಗೆ ಗಾಳಿ ಆಡುತ್ತದೆ, ತಲೆಗೆ ತಂಪು ಎಂದು ನಾನು ಒಂದು ದಿಂಬು ಕೈಗಿತ್ತೆ.

"ಎಲ್ಲಾ ಅಂಗಡಿಯೋರೂ ಹಂಗೇ ಅಂತಾರೆ ಸಾಬ್ರೆ. ನಾನು ನೋಡ್ದೆ ತಗಳಲ್ಲ" ಎಂದು ಅಲ್ಲೇ ಜೋಡಿಸಿದ್ದ ಗಾದಿಗಳ ಮೇಲೆ ಅಡ್ಡಾದರು.

ಅಷ್ಟೇ. ಯಂತ್ರದ ಸದ್ದಿಗೂ ಅಲುಗಲಿಲ್ಲ. ಬೇರೆ ಗಿರಾಕಿಗಳು ಬಂದರು, ಅವರನ್ನು ದಾಟಿಕೊಂಡು ಹೋದರು. ಎಬ್ಬಿಸೋಣ ಎಂದು ಹೋದವನು ಮುಖ ನೋಡಿ ಸುಮ್ಮನಾದೆ. ಎಷ್ಟು ದಿನದ ಆಯಾಸವೋ, ಈಗ ಇಳಿಯುತ್ತಿತ್ತು. ಸಂಜೆ ಹೊತ್ತಿಗೆ ಅವರ ಫೋನು ಬಿಡದೆ ಬಡಿದುಕೊಳ್ಳತೊಡಗಿತು. ಕಡೆಗೆ ನಾನೇ ಎತ್ತಿದೆ. ಅವರ ಹೆಂಡತಿ.

"ಇಲ್ಲೇ ಅಂಗಡೀಲಿ ಮಲಗಿದಾರಮ್ಮ, ದಿಂಬು ನೋಡ್ತಾ ನೋಡ್ತಾ ನಿದ್ದೆ ಹೋದ್ರು" ಅಂದೆ.

ಅವರು ನಿಧಾನವಾಗಿ ಹೇಳಿದರು: "ಇಷ್ಟು ವರ್ಷ ನನ್ನ ಮಾತಿಂದ ನಿದ್ದೆ ಬರಲ್ಲ ಅಂತಿದ್ರು. ಆ ದಿಂಬು ಕಟ್ಟಿಸಿ ಇಡ್ರಿ ಸಾಬ್ರೆ. ಎದ್ದ ಮೇಲೆ ಇವರನ್ನೂ ಅದರ ಜೊತೆ ಕಳಿಸ್ರಿ."

ಕಂಡಕ್ಟರ ಹಾಸಿಗೆ

ಸಿರಿಗೆರೆ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಮಗಳು ಪ್ರೀತಿಯಿಂದ ಕೊಡಿಸಿದ ಮೆತ್ತನೆಯ ಹಾಸಿಗೆಯಲ್ಲಿ ಅವರ ಸೊಂಟ ಮುಳುಗಿಹೋಗಿ, ಬೆಳಿಗ್ಗೆ ಏಳಲು ಗೋಡೆ ಹಿಡಿಯಬೇಕಾಗಿತ್ತು. ನಾನು ಹೊಸದುರ್ಗದ ಕಡೆಯಿಂದ ತೆಂಗಿನ ನಾರು ತರಿಸಿ ಗಟ್ಟಿಯಾಗಿ ಕೂರಿಸಿ, ಮೇಲೊಂದು ತೆಳುವಾದ ಹತ್ತಿಯ ಪದರ ಕೊಟ್ಟು ಹೊಲಿದೆ. ಕೆಲವೇ ವಾರಗಳಲ್ಲಿ ಮನುಷ್ಯ ನೆಟ್ಟಗೆ ನಡೆಯತೊಡಗಿದರು. ನೋಡಿ ಸಮಾಧಾನವಾಯಿತು.

ಒಂದು ದಿನ ಅವರ ಹೆಂಡತಿ ಬಂದು, "ಆ ಹಾಸಿಗೇನ ಒಂಚೂರು ಮೆತ್ತಗೆ ಮಾಡಿಕೊಡಕ್ಕಾಗ್ತೈತಾ?" ಅಂದರು.

"ಯಾಕಮ್ಮ, ಸೊಂಟ ಸರಿಹೋಯ್ತಲ್ಲ?"

"ಸೊಂಟವೇನೋ ಸರಿಹೋಯ್ತು. ಆದ್ರೆ ಗಟ್ಟಿ ಹಾಸಿಗೆ ಮೇಲೆ ಮಲಗಿದ್ರೆ ಇವರಿಗೆ ಬಸ್ಸಿನ ಸೀಟೇ ನೆನಪಾಗ್ತೈತೆ. 'ಒಳಗೆ ಸರೀರಿ, ಇನ್ನೂ ಇಬ್ಬರಿಗೆ ಜಾಗ ಐತೆ' ಅಂತ ನಿದ್ದೇಲೇ ನನ್ನ ಗೋಡೆಗೆ ಒತ್ತತಾರೆ."

ಮರಿ ಮಲಗಿದ ಗಾದಿ

ಹೊಸದುರ್ಗದ ಆಚೆ ಒಂದು ಹಳ್ಳಿಯಲ್ಲಿ ಕುರಿ ಕಾಯುವ ಅಜ್ಜನ ಮನೆಗೆ ಹೋಗಿದ್ದೆ. ತೀರಿಹೋದ ಅಜ್ಜಿ ಮದುವೆಯಲ್ಲಿ ತಂದಿದ್ದ ಗಾದಿ ಗಂಟುಗಂಟಾಗಿತ್ತು. ಎಸೆಯಲು ಸೊಸೆಗೆ ಮನಸ್ಸಿಲ್ಲ. ಸ್ಪಂಜು ಕುಸಿದರೆ ಎಸೆಯಬೇಕು ನಿಜ, ಹತ್ತಿ ಹಾಗಲ್ಲ. ಬಿಚ್ಚಿ ಹಿಂಜಿ ಬಿಸಿಲು ಕಾಣಿಸಿದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಅಂಗಡಿಗೆ ತಂದು, ಅದೇ ಹತ್ತಿಗೆ ಹೊಸ ಗವಸು ಹಾಕಿ ಕೊಟ್ಟೆವು. ಅಜ್ಜ ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಮತ್ತೊಮ್ಮೆ ಆ ಕಡೆ ಹೋದಾಗ ನೋಡಿದರೆ ಅಜ್ಜ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದಾರೆ. ಒಳಗೆ ಗಾದಿಯ ನಡುವೆ ಆಗಷ್ಟೇ ಹುಟ್ಟಿದ ಕುರಿಮರಿಯೊಂದು ಆರಾಮಾಗಿ ಮಲಗಿದೆ. ನನಗೆ ಸ್ವಲ್ಪ ಬೇಜಾರಾಯಿತು.

"ಯಾಕಜ್ಜ, ಅದರ ಮೇಲೆ ನಿಮಗೆ ನಿದ್ದೆ ಬರಲ್ವಾ?"

"ಅದಕ್ಕಲ್ಲಪ್ಪ. ಅವಳಿದ್ದಾಗ ಚಳಿಗೆ ಮರಿಗಳನ್ನ ಅದರ ಮೇಲೇ ಮಲಗಿಸ್ಕಂತಿದ್ಲು. ನನಗೆ ಆಗ್ಲೂ ಅಲ್ಲಿ ಜಾಗ ಇರ್ಲಿಲ್ಲ."

ಹೆಣ್ಣು ನೋಡುವ ಶಾಸ್ತ್ರ

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಹತ್ತಿರ ಒಂದು ಮನೆಯ ಹಿತ್ತಲಲ್ಲಿ ದೊಡ್ಡ ಬೂರುಗದ ಮರವಿದೆ. ಕಾಯಿ ಒಡೆದಿತ್ತು. ಮಗಳ ಮದುವೆಗೆ ನಮ್ಮ ಮರದ ಹತ್ತಿಯದೇ ದಿಂಬು ಆಗಬೇಕು ಎಂದು ಆ ಮನೆಯ ತಾಯಿ ನನ್ನನ್ನು ಕರೆಸಿದರು. ಗಂಡು ಇನ್ನೂ ಗೊತ್ತಾಗಿರಲಿಲ್ಲ, ಮೊದಲು ದಿಂಬು ಗೊತ್ತಾಗಿತ್ತು.

ಬೂರುಗದ ಹತ್ತಿ ಉಸಿರು ತಾಗಿದರೂ ಹಾರುತ್ತದೆ. ಹೊರಗೆ ಗಾಳಿ ಇದ್ದುದರಿಂದ ಪಡಸಾಲೆಯಲ್ಲಿ ಕೂತು, ಫ್ಯಾನು ಆರಿಸಿ, ಬೀಜ ಬೇರೆ ಮಾಡುತ್ತಿದ್ದೆ. ಗಂಡಿನ ಕಡೆಯವರು ಮಧ್ಯಾಹ್ನದ ಮೇಲೆ ಬರುತ್ತಾರೆ, ಅಷ್ಟರಲ್ಲಿ ಮುಗಿಸಿ ಅಂದಿದ್ದರು. ಅವರು ಊಟಕ್ಕೂ ಮೊದಲೇ ಬಂದುಬಿಟ್ಟರು. ಹುಡುಗ, ಅವನ ಅಪ್ಪ, ಅಜ್ಜಿ. ತಾಯಿ ಗಾಬರಿಯಲ್ಲಿ "ಬರ್ರಿ, ಕುಂತ್ಕಳ್ರಿ" ಎಂದು ಪಡಸಾಲೆಗೇ ಕರೆತಂದರು. ರಾಶಿಯ ಮೇಲೆ ಮುಚ್ಚಲು ನಾನು ಚಾದರ ಹುಡುಕುತ್ತಿದ್ದೆ. ಹುಡುಗಿ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಸೆಕೆ ಭಾಳ ಐತೆ" ಎನ್ನುತ್ತಾ ಹುಡುಗನ ಅಪ್ಪ ಫ್ಯಾನು ಹಾಕಿದರು.

ಆಮೇಲೆ ಯಾರಿಗೆ ಯಾರೂ ಕಾಣಲಿಲ್ಲ. ನಾನು ತಡಕಾಡಿ ಫ್ಯಾನು ಆರಿಸಿದೆ. ಹತ್ತಿ ನಿಧಾನವಾಗಿ ಇಳಿಯಿತು. ಹುಡುಗಿಯ ತಲೆ ಪೂರ್ತಿ ಬೆಳ್ಳಗೆ. ಹುಡುಗನ ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಕಾಫಿ ಲೋಟಗಳ ಮೇಲೂ ಅದೇ. ಹುಡುಗನ ಅಪ್ಪ ಮುಖ ಬಿಗಿದುಕೊಂಡು, "ಹೋಗಾಣ ನಡೀರಿ" ಎಂದು ಎದ್ದು ನಿಂತರು. ತಾಯಿಯ ಕಣ್ಣಲ್ಲಿ ನೀರು. ಹುಡುಗಿ ತಟ್ಟೆ ಕೆಳಗಿಡದೆ ಹುಡುಗನ ಮೀಸೆಯನ್ನೇ ನೋಡುತ್ತಿದ್ದಳು. ನಗು ತಡೆಯಲಾಗಲಿಲ್ಲ ಪಾಪ. ಅವನೂ ನಕ್ಕ, ನಕ್ಕು ಸೀನಿದ.

ಗಂಡಿನ ಅಜ್ಜಿ ಮಾತ್ರ ಕೂತಲ್ಲಿಂದ ಕದಲಿರಲಿಲ್ಲ. ಇಬ್ಬರನ್ನೂ ಒಂದು ಸಲ ಪೂರ್ತಿ ನೋಡಿ, ಮಗನಿಗೆ ಹೇಳಿದರು:

"ಕುಂತ್ಕಳಲೇ. ವಯಸ್ಸಾದ ಮೇಲೆ ಗಂಡ ಹೆಂಡ್ತಿ ಹೆಂಗೆ ಕಾಣ್ತಾರೆ ಅಂತ ಯಾರು ಮೊದಲೇ ತೋರಿಸ್ತಾರೆ? ನೋಡಿದ್ದಾಯ್ತು, ಜೋಡಿ ಚೆನ್ನಾಗೈತೆ. ನಂದು ಒಪ್ಪಿಗೆ."

ಆಮೇಲೆ ಹುಡುಗಿಯ ಕಡೆ ಕೈ ಚಾಚಿದರು. "ಕಾಫಿ ಕೊಡವ್ವ. ನಂದೊಂದರಲ್ಲಿ ಹತ್ತಿ ತೆಗೆದು ಕೊಡು. ನಿಮ್ಮಿಬ್ಬರಿಗೆ ಹತ್ತಿ ಸಮೇತ ಕುಡಿದ್ರೂ ಈಗ ಗೊತ್ತಾಗಲ್ಲ."