ಸಂಭಾಷಣೆ: ಸಂಜೀವಪ್ಪ

ಸಿನಿಮಾ ಪರದೆಯ ಮೇಲೆ ‘ಸಂಭಾಷಣೆ: ಸಂಜೀವಪ್ಪ’ ಅಂತ ಬರುತ್ತದೆಂದು ಹೆಂಡತಿ ಮಮತ ಸಾಸಲಿನ ತವರಿಗೆಲ್ಲ ಫೋನು ಮಾಡಿ ಹೇಳಿಬಿಟ್ಟಿದ್ದಳು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ದೊಡ್ಡಬೆಳವಂಗಲದ ಸಂಜೀವಪ್ಪನಿಗೆ ಪವರ್‌ಲೂಮಿನಲ್ಲಿ ಕೆಲಸ. ಮಗ್ಗದ ಸದ್ದಿನ ನಡುವೆ ಬರೆದದ್ದಕ್ಕೋ ಏನೋ, ಅವನ ‘ಒಂದೇ ಲೋಟ’ ನಾಟಕದಲ್ಲಿ ಬರೀ ಮಾತೋ ಮಾತು. ಹಿಂದೆ ಹೋಟೆಲಿನಲ್ಲಿ ಅವನ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಅದರ ಕತೆ. ಕೇರಿಯ ಹೆಂಗಸೊಬ್ಬಳು ಒಳಗೆ ಬಂದು ಬೆಂಚಿನ ಮೇಲೆ ಕೂತು, ಎಲ್ಲರ ಲೋಟದಲ್ಲೇ ಟೀ ಕೊಡು ಅನ್ನುತ್ತಾಳೆ. ಹೋಟೆಲಿನವನು ಆಗಲ್ಲ ಅನ್ನುತ್ತಾನೆ. ಅಷ್ಟಕ್ಕೇ ಒಂದೂವರೆ ಗಂಟೆ. ಹೆಂಗಸಿನ ಪಾರ್ಟು ಕೇರಿಯ ಮುನಿಗಂಗಮ್ಮನದು. ಹೋಟೆಲಿನವನ ಪಾರ್ಟು ನಿಜವಾಗಿಯೂ ಹೋಟೆಲಿಟ್ಟಿರುವ ಗೋಪಾಲಪ್ಪನದು. ವರ್ಷವರ್ಷವೂ ಪ್ರಾಕ್ಟೀಸು ಕೇಳಿ ಕೇಳಿ ಊರಿಗೆಲ್ಲ ಅದು ಬಾಯಿಪಾಠ.

ಆ ನಾಟಕವನ್ನೇ ಸಿನಿಮಾ ಮಾಡಲು ಬೆಂಗಳೂರಿನಿಂದ ಬಂದ ಡೈರೆಕ್ಟರ್ ಅಮರ್, ಗೋಪಾಲಪ್ಪನ ಹೋಟೆಲಿನಲ್ಲೇ ಕ್ಯಾಮೆರಾ ನಿಲ್ಲಿಸಿ ಹೇಳಿದ: “ಸಾರ್, ನಾಟಕ ಕಿವಿಗೆ, ಸಿನಿಮಾ ಕಣ್ಣಿಗೆ. ಮಾತು ಸ್ವಲ್ಪ ಕಮ್ಮಿ ಮಾಡೋಣ.”

“ಸ್ವಲ್ಪ ಅಂದ್ರೆ?”

“ಮೊದಲ್ನೇ ಪುಟ ಬೇಡ. ಆಮೇಲಿಂದೂ ಬೇಡ್ವೇನೋ.”

ಓದುವ ಗೋಜಿಗೂ ಹೋಗದೆ ಅವನ ಪೆನ್ನು, ಹುರುಳಿ ಹೊಲಕ್ಕೆ ನುಗ್ಗಿದ ಕುರಿಮಂದೆಯ ಹಾಗೆ ಓಡಿತು.

“ಅವಳದ್ದು ಮೊದ್ಲು ಕೊಯ್ರಿ ಸಾರ್, ನಂಗಿಂತ ಜಾಸ್ತಿ ಮಾತು ಅವಳ್ಗೆ,” ಅಂದ ಗೋಪಾಲಪ್ಪ.

“ನಾಟ್ಕದಾಗೂ ನಂಗೆ ಕಮ್ಮೀನೇ ಅಳೀತೀಯಲ್ಲಪ್ಪ,” ಅಂದಳು ಮುನಿಗಂಗಮ್ಮ.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು “ಟೀ” ಅನ್ನುವ ಒಂದೇ ಮಾತು. ಅದೂ ಹೋಯಿತು. ಲೋಟ ತೋರಿಸಿದರೆ ಸಾಕಂತೆ.

“ಸಾರ್, ಸಂಭಾಷಣೆ ಅಂತ ನನ್ನೆಸ್ರು?”

“ಸಂಭಾಷಣೆನೇ ಇಲ್ವಲ್ಲ ಸಾರ್.”

ಸುಮ್ಮನೆ ಕೂತರೆ ಅಳು ಬಂದೀತೆಂದು ಸಂಜೀವಪ್ಪ ಎದ್ದು ಎಲ್ಲರಿಗೂ ಟೀ ಹಂಚತೊಡಗಿದ. ಗಾಜಿನ ಲೋಟಗಳೆಲ್ಲ ಬೆಂಗಳೂರಿನವರಿಗೆ ಹೋದವು. ಒಂದು ಕಮ್ಮಿ ಬಿತ್ತು. ನಮ್ಮವಳೇ ತಾನೇ ಅಂದುಕೊಂಡು ಮುನಿಗಂಗಮ್ಮನ ಕೈಗೆ ಪೇಪರ್ ಕಪ್ಪು ಕೊಟ್ಟ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅವ್ರಿಗೆಲ್ಲ ಗಾಜು, ನಂಗ್ಯಾಕ್ಲಾ ಕಾಗ್ದ?”

“ಲೋಟ ಕಮ್ಮಿ ಬಿತ್ತು ಕಣಕ್ಕ.”

“ಲೋಟ ಕಮ್ಮಿ ಬಿದ್ದಾಗ್ಲೆಲ್ಲ ನಾವೇ ಯಾಕ್ಲಾ ಕಣ್ಣಿಗೆ ಬೀಳ್ತೀವಿ?”

ಅದು ನಾಟಕದ ಮಾತು. ಗೋಪಾಲಪ್ಪನ ಬಾಯಿ ಅಭ್ಯಾಸಬಲದಿಂದ ತಾನಾಗಿ ತೆರೆಯಿತು: “ಬಿಸಿ ಟೀ ಕುಡ್ದು ಹೋಗು, ಲೋಟದ ಯೋಚ್ನೆ ನಿಂಗ್ಯಾಕೆ?”

ಬಾಗಿಲಲ್ಲಿ ನಿಂತು ಶೂಟಿಂಗ್ ನೋಡುತ್ತಿದ್ದ ಲಕ್ಕಮ್ಮ ತಡೆಯಲಾರದೆ, “ತುಟಿ ಸುಡೋದು ಟೀ ಅಲ್ಲ ಗೋಪಾಲಪ್ಪ, ಲೋಟ,” ಅಂದಳು. ಹಿಂದಿದ್ದವರು ಮುಂದಿನ ಮಾತಿಗೆ ಕೈ ಹಾಕಿದರು. ಊರಿಗೂರೇ ಜಗಳಕ್ಕೆ ಬಿತ್ತು. ಅಮರ್ ಕೈಸನ್ನೆಯಲ್ಲೇ ಕ್ಯಾಮೆರಾ ಓಡಿಸಿದ.

ಮುಗಿದಾಗ ಅವನ ಕಣ್ಣಲ್ಲಿ ನೀರು. “ಇಂಥ ಮಾತು ಕೂತು ಬರೆದ್ರೆ ಬರುತ್ತಾ? ಇದೇ ಸಿನಿಮಾ. ಒಂದಕ್ಷರ ತೆಗೆಯಲ್ಲ.”

“ನಾನೇ ಬರ್ದಿದ್ದು ಸಾರ್. ಬೆಳಿಗ್ಗೆ ಹೊಡೆದು ಹಾಕಿದ್ರಲ್ಲ, ಇದೇ,” ಎಂದು ಸಂಜೀವಪ್ಪ ಹಾಳೆಗಳನ್ನು ಮುಂದೆ ಹಿಡಿದ.

“ಬರ್ಕಂಡಿದ್ದು ಅವ್ನೇ,” ಅಂದಳು ಮುನಿಗಂಗಮ್ಮ. “ಹೇಳ್ದೋಳು ನಾನು. ನಮ್ಮವ್ವ ಪಿಳ್ಳಮ್ಮ ಇದೇ ಬೆಂಚ್ ಮೇಲೆ ಕೂತು ಈ ಗೋಪಾಲಪ್ಪನ ಅಪ್ಪಂಗೆ ಅಂದಿದ್ದು.”

ಗೋಪಾಲಪ್ಪ ನೆಲ ನೋಡಿದ. “ಹೌದು ಸಾರ್. ನಾನು ಗಲ್ಲಾ ಪಕ್ಕದಲ್ಲೇ ಇದ್ದೆ.”

ಅಮರ್ ಸಂಜೀವಪ್ಪನ ಹೆಗಲ ಮೇಲೆ ಕೈಯಿಟ್ಟ. “ಸಂಭಾಷಣೆ ಪಿಳ್ಳಮ್ಮ. ನಿಮ್ಮ ಹೆಸರೂ ಹಾಕ್ತೀನಿ ಸಾರ್. ಜಗಳ ಎದ್ದಿದ್ದೇ ನಿಮ್ಮಿಂದ ಅಲ್ವಾ.”

ಸಂಜೆ ಮಮತ ಮತ್ತೆ ತವರಿಗೆ ಫೋನು ಹಚ್ಚಿದ್ದಳು. “ಹ್ಞೂ ಕಣಮ್ಮ, ಹೆಸ್ರು ಬಂದೇ ಬರುತ್ತಂತೆ. ಎದ್ದು ಹೋಗ್ಬಿಟ್ಟೀರ, ಕೊನೇ ತನಕ ಕೂತಿರಿ. ‘ಟೀ ವ್ಯವಸ್ಥೆ’ ಅಂತ ಬರುತ್ತಲ್ಲ, ಅದರ ಪಕ್ಕದಲ್ಲೇ.”