ಬಾಗಿಲಿಲ್ಲದ ಓಣಿಗೆ ನಳ ಬಂತು

ದೊಡ್ಡವನಾದ ಮೇಲೆ ಓದು ಕಲಿತವನ ಕೈಗೆ ಸರಕಾರಿ ಕಾಗದ ಕೊಡಬಾರದು. ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ಮೀಸೆ ಬಂದು, ಮದುವೆಯಾಗಿ, ಎರಡು ಮಕ್ಕಳಾದ ಮೇಲೆ. ಹೀಗಾಗಿ ಸಿಕ್ಕಿದ್ದನ್ನೆಲ್ಲ ಓದುವ ಚಟ. ಸಂತೆಯಿಂದ ಬೆಲ್ಲ ತಂದರೆ ಮೊದಲು ಅದನ್ನು ಕಟ್ಟಿದ ಕಾಗದ ಬಿಚ್ಚಿ ಓದುತ್ತಿದ್ದೆ. ಅಷ್ಟು ಹೊತ್ತು ಬೆಲ್ಲವನ್ನು ಇರುವೆಗಳು ನೋಡಿಕೊಳ್ಳುತ್ತಿದ್ದವು.

ಜಮಖಂಡಿಯಲ್ಲಿ ಇನ್ನೂ ರಾಜರ ಆಳ್ವಿಕೆಯಿದ್ದ ಕಾಲ. ಮುನಸಿಪಾಲ್ಟಿಯವರು ನಮ್ಮ ಓಣಿಗೆ ಫರಸಿ ಕಲ್ಲು ಹಾಸಿ, ಗಟಾರ ಕಟ್ಟಿ, ನೀರಿನ ಕೊಳವೆ ಹೂತರು. ಇನ್ನು ನಳ ನಿಲ್ಲಿಸಿದರೆ ಕೆಲಸ ಮುಗಿಯಿತು. ನನ್ನ ಹೆಂಡತಿ ಮದುವೆಯಾಗಿ ಬಂದ ದಿನದಿಂದ ಊರಾಚೆಯ ಬಾವಿಯ ನೀರು ಹೊತ್ತವಳು. ನಳ ನಿಲ್ಲುವ ಜಾಗಕ್ಕೆ ಆಗಲೇ ಒಂದು ದಿನ ಅರಿಷಿಣ ಕುಂಕುಮ ಹಚ್ಚಿ ಬಂದಿದ್ದಳು. ಅಷ್ಟರಲ್ಲಿ ಇದರ ಖರ್ಚಿಗೆ ಮನೆಮನೆಯಿಂದ ಪಟ್ಟಿ, ಅಂದರೆ ವಂತಿಗೆ ಹಣ, ಎತ್ತುವ ನೋಟೀಸು ಬಂತು. ಓದಿ ಹೇಳಲು ನನ್ನನ್ನೇ ಕಟ್ಟೆಯ ಮೇಲೆ ಕೂಡಿಸಿದರು. 'ಓಣಿಗೆ ಬಾಗಿಲು ಇರುವ ಪ್ರತಿ ಮನೆಯವರು' ಪಟ್ಟಿ ಕೊಡಬೇಕೆಂದಿತ್ತು. ಬೇರೆ ಯಾರೇ ಆಗಿದ್ದರೂ ಮುಂದಿನ ಸಾಲಿಗೆ ಹೋಗುತ್ತಿದ್ದರು. ನಾನು ಅಲ್ಲೇ ಸಿಕ್ಕಿಬಿದ್ದೆ.

"ಬಾಗಲಾನ ಇರಲಿಲ್ಲಂದ್ರ?" ಎಂದೆ.

ಓಣಿಗೆ ಹಬ್ಬ ಬಂದಂತಾಯಿತು. ದನ ಹೊಡೆದುಕೊಂಡು ಹೋಗಲು ಎಲ್ಲರ ಮನೆಗೂ ಹಿಂದೆ ಹೊಲದ ದಾರಿಗೆ ಒಂದು ಬಾಗಿಲು ಇದ್ದೇ ಇತ್ತು. ಓದಿದ ಮನುಷ್ಯ ಅಂದರೆ ಹಿಂಗ ಇರಬೇಕು ಎಂದು ಹಿರಿಯರು ಬೆನ್ನು ತಟ್ಟಿದರು. ಎಂಟು ದಿನಗಳಲ್ಲಿ ಗೌಂಡಿ ಮುಂಬಾಗಿಲುಗಳನ್ನೆಲ್ಲ ಕಲ್ಲು ಮಣ್ಣಿನಿಂದ ಮುಚ್ಚಿದ. ಉಪಾಯ ನನ್ನದಲ್ಲವೇ, ನನ್ನ ಬಾಗಿಲಿಗೆ ಮಾತ್ರ ಸುಣ್ಣದ ಗಚ್ಚು ಹಾಕಿಸಿದೆ. ನಳ ಬಂದ ಮೇಲೆ ನೀರು ತರಲು ಎಲ್ಲಿಂದ ಹೋಗಲಿ ಎಂದು ಹೆಂಡತಿ ಕೇಳಿದಳು. ಹಿಂದಿನಿಂದ ಸುತ್ತಿ ಬಂದರಾಯಿತು, ಮೈಗೂ ಒಳ್ಳೆಯದು ಎಂದೆ.

ನಳ ನಿಲ್ಲಿಸುವ ದಿನ ಮಾಮಲೇದಾರ ಸಾಹೇಬರು ಟಾಂಗಾದಿಂದ ಇಳಿದರು. ಆ ಕಡೆ ಗೋಡೆ, ಈ ಕಡೆ ಗೋಡೆ, ನಡುವೆ ಚೊಕ್ಕ ಫರಸಿ, ಅದರ ಮೇಲೆ ಒಂದು ಕೋಳಿ. ಮಂದಿಯೇ ಇಲ್ಲದ ಕಡೆ ನಳ ಯಾರಿಗೆ, ಇದನ್ನು ಪೇಟೆಯಲ್ಲಿ ನಿಲ್ಲಿಸಿರಿ ಎಂದು ಅವರು ಹೇಳುವುದು ನನಗೆ ಮನೆಯೊಳಗೆ ಕೇಳಿಸಿತು. ಹೊರಗೆ ಬರೋಣವೆಂದರೆ ಬಾಗಿಲೆಲ್ಲಿ? ರುಮಾಲು ಸುತ್ತುತ್ತ ಹಿಂದಿನಿಂದ ಓಡಿದೆ. ಓಣಿಯ ಗಂಡಸರೆಲ್ಲ ನನ್ನ ಬೆನ್ನಿಗೆ ಓಡಿದರು. ಹೊಲದ ದಾರಿ ಹಿಡಿದು, ಮೂಲೆ ತಿರುಗಿ, ನಾವೆಲ್ಲ ಏದುಸಿರು ಬಿಡುತ್ತ ಸಾಹೇಬರ ಮುಂದೆ ಬಂದು ನಿಂತೆವು.

"ಯಾವ ಓಣಿಯವರೋ ನೀವು?" ಎಂದರು ಸಾಹೇಬರು.

ಇದೇ ಓಣಿ ಎಂದರೆ ಪಟ್ಟಿ ಬೀಳುತ್ತದೆ. ಅಲ್ಲ ಎಂದರೆ ನಳ ಹೋಗುತ್ತದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಕೋಳಿಯ ಮುಖ ನೋಡಿದೆ. ಆಗ ನಮ್ಮ ಮನೆಯ ಕಿಡಕಿ ತೆರೆಯಿತು.

"ಸಾಹೇಬ್ರ, ನಾವು ಇಲ್ಲೇ ಇರ್ತೀವ್ರಿ," ಎಂದಳು ನನ್ನ ಹೆಂಡತಿ. "ಪಟ್ಟಿ ಉಳಸಾಕ ಬಾಗಲಾ ಮುಚ್ಚಸ್ಯಾರ್ರಿ."

"ಯಾರವ್ವಾ?"

ಗಂಡನ ಹೆಸರು ಹೇಳುವ ಹೆಂಗಸಲ್ಲ ಅವಳು. ಒಂದು ಗಳಿಗೆ ಯೋಚಿಸಿ, ಕಿಡಕಿಯ ಸರಳುಗಳ ನಡುವೆ ಬಳೆಗೈ ಹೊರಗೆ ಚಾಚಿದಳು. "ಅಲ್ಲಿ ನೋಡ್ರಿ, ರುಮಾಲ ಬಿಚ್ಚಿದ್ದ ಖಬರಿಲ್ಲದ ನಿಂತಾರಲ್ಲ, ಅವರಽ."

ಸಾಹೇಬರು ಟಾಂಗಾ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ನೋಟೀಸು ತರಿಸಿ, 'ಬಾಗಿಲು' ಎಂಬುದನ್ನು ಹೊಡೆದು 'ಗೋಡೆ' ಎಂದು ತಿದ್ದಿ, ಮುಂದೆ 'ಗೋಡೆಯ ಉದ್ದಕ್ಕೆ ತಕ್ಕಂತೆ' ಎಂದು ಸೇರಿಸಿ, ಓದಿ ಹೇಳಲು ನನ್ನ ಕೈಗೇ ಕೊಟ್ಟರು. ಓಣಿಯಲ್ಲಿ ಎಲ್ಲರಿಗಿಂತ ಉದ್ದನೆಯ ಗೋಡೆ ನನ್ನದು.

ಮಧ್ಯಾಹ್ನವೇ ನಳ ನಿಂತಿತು. ಉಳಿದವರ ಮಣ್ಣಿನ ಗೋಡೆಗಳು ಎರಡು ಏಟಿಗೆ ಬಿದ್ದವು. ನನ್ನ ಗಚ್ಚಿಗೆ ಗೌಂಡಿಯ ಎರಡು ಹಾರೆ ಬಾಗಿದವು. ನಾನು ಕಿಡಕಿಯ ಬಳಿ ಕೂತು, ಎಲ್ಲಾದರೂ ಸಂದು ಸಿಕ್ಕೀತೆಂದು ನೋಟೀಸನ್ನು ಮೂರನೆಯ ಸಲ ಓದುತ್ತಿದ್ದೆ. ತುಂಬಿದ ಕೊಡ ಹೊತ್ತ ಹೆಂಡತಿ ಹೊರಗೆ ಬಂದು ನಿಂತಳು.

"ಓದೂದು ಮುಗದಿದ್ರ ನೀರ ಇಸ್ಕೋರಿ," ಎಂದಳು. "ನಾ ಸುತ್ತಿ ಬರಾಂಗಿಲ್ಲ."

ಕೊಡ ಸರಳುಗಳ ನಡುವೆ ಹಿಡಿಯಲಿಲ್ಲ, ಹಿಡಿದದ್ದು ಸಣ್ಣ ಚರಿಗೆ ಮಾತ್ರ. ಗೌಂಡಿ ಗೋಡೆ ಒಡೆದು ಮುಗಿಸಲು ಮೂರು ದಿನ ಬೇಕಾಯಿತು. ಆ ಮೂರು ದಿನ ನಮ್ಮ ಮನೆಯ ನೀರನ್ನೆಲ್ಲ, ದನಗಳ ನೀರೂ ಸೇರಿ, ನಾನೇ ಆ ಕಿಡಕಿಯಲ್ಲಿ ಚರಿಗೆ ಚರಿಗೆಯಾಗಿ ಒಳಗೆ ತೆಗೆದುಕೊಂಡೆ.