ಅರೆಮಲೆನಾಡಿನ ಹುಡುಗಿ

ನಮ್ಮ ರಾಜ್ಯವನ್ನು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಭಾಗ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಜಗಳವಾಡದೆ ಬಿಡುವವಳಲ್ಲ. ಗೆರೆ ಎಳೆಯುತ್ತ ಭದ್ರಾವತಿಗೆ ಬರುವ ಹೊತ್ತಿಗೆ ಅವರಿಗೆ ತೂಕಡಿಕೆ ಬಂದಿರಬೇಕು. ನನ್ನ ತವರು ಅಲ್ಲಿನ ಜನ್ನಾಪುರ. ದಾವಣಗೆರೆಯ ನೆಂಟರಿಗೆ ನಾವು ಅಪ್ಪಟ ಮಲೆನಾಡಿನವರು, "ನಿಮ್ಮ ಅಡುಗೆಮನೆಗೂ ಜಿಗಣೆ ಬರ್ತಾವಂತಲ್ರೀ?" ಎಂದು ಕೇಳುತ್ತಾರೆ. ತೀರ್ಥಹಳ್ಳಿಗೆ ಹೋದರೆ ನಾವು ಬಯಲುಸೀಮೆಯವರು. ಕೆಸುವಿನೆಲೆಯ ಪತ್ರೊಡೆ ಎಂದರೇನೆಂದು ವಿವರಿಸಿ ಬಡಿಸುತ್ತಾರೆ. ತುಸು ಕನಿಕರವಿದ್ದವರು ಅರೆಮಲೆನಾಡು ಎನ್ನುತ್ತಾರೆ. ನನಗೆ ಮೈ ಉರಿಯುವುದೇ ಆಗ. ಅರೆ ಎಂಬುದು ಸರಿಯಾಗಿ ಬೇಯದ ಅನ್ನಕ್ಕೆ, ನೆಟ್ಟಗಿಲ್ಲದ ತಲೆಗೆ ಹೇಳುವ ಮಾತು. ಊರಿಗೆ ಹೇಳುತ್ತಾರೆಯೇ?

ಹೋದ ಬೇಸಿಗೆಯಲ್ಲಿ ನನ್ನ ತಂಗಿ ಶುಭಾಳನ್ನು ನೋಡಲು ಕೊಪ್ಪದ ಕಡೆಯವರು ಬಂದರು. ಶಿವಮೊಗ್ಗದ ವಿನೋಬನಗರದ ನನ್ನ ಮನೆಯಿಂದ ನಾನೂ ಬೆಳಿಗ್ಗೆಯೇ ಹೋಗಿ ಕೇಸರಿಬಾತ್ ಮಾಡಿದ್ದೆ. ಹುಡುಗ ಒಳ್ಳೆಯವನಂತೆಯೇ ಕಂಡ. ಒಮ್ಮೆ ತಲೆಯೆತ್ತಿದ್ದರೆ ಖಚಿತವಾಗುತ್ತಿತ್ತು. ಮಾತೆಲ್ಲ ಅವನ ಸೋದರತ್ತೆಯದು. ಆಕೆ ಶುಭಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನತ್ತ ತಿರುಗಿದರು.

"ಹುಡುಗಿ ಲಕ್ಷಣವಾಗಿದಾಳೆ ಮಾರಾಯ್ತಿ. ಆದ್ರೆ ನಮಗೆ ಮಲೆನಾಡಿನವಳೇ ಬೇಕಿತ್ತು."

"ಭದ್ರಾವತಿ ಶಿವಮೊಗ್ಗ ಜಿಲ್ಲೇಲೇ ಇದೆಯಲ್ಲ?" ಎಂದೆ.

"ಜಿಲ್ಲೆ ಅದೇ, ಸೀಮೆ ಬೇರೆ ಅಲ್ವಾ? ಇಲ್ಲಿ ಫ್ಯಾನಿಲ್ದೆ ಕೂರೋಕಾಗುತ್ತಾ ಹೇಳು?"

ನಾನು ಎದ್ದು ಫ್ಯಾನ್ ಆರಿಸಿದೆ. "ಈಗ ಕೂತ್ಕೊಳ್ಳಿ. ನಿಮ್ಮೂರಲ್ಲಿ ಕೂತ ಹಾಗೇ ಆಗುತ್ತೆ."

ಕೇಸರಿಬಾತ್ ತಟ್ಟೆಯಲ್ಲೇ ಉಳಿಯಿತು. ಅವರ ಕಾರು ಬೀದಿ ತಿರುಗಿದ ಮೇಲೆ ಅಪ್ಪ, "ನಿನ್ನ ಬಾಯಿಂದ ಒಂದು ಸಂಬಂಧ ಹೋಯ್ತು," ಎಂದು ರೇಗಿದರು. ಬಾಯಿಂದಲ್ಲ, ಸ್ವಿಚ್ಚಿನಿಂದ ಎಂದು ಹೇಳಬೇಕೆನಿಸಿತು. ಶುಭಾ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಕಣ್ಣು ಕೆಂಪಾಗಿತ್ತು. ಅದನ್ನು ಕಂಡು, ಆ ಕಾರಿನ ಹಿಂದೆಯೇ ಓಡಿ ಇನ್ನೂ ನಾಲ್ಕು ಮಾತು ಅಂದು ಬರಬೇಕಿತ್ತು ಎನ್ನುವಷ್ಟು ಸಿಟ್ಟು ಬಂತು. ಇಡೀ ಮಳೆಗಾಲ ಕೊಪ್ಪದ ಹೆಸರೆತ್ತಿದವರ ಮೇಲೆಲ್ಲ ಹರಿಹಾಯ್ದೆ. ನನ್ನ ಗಂಡ, ಪಾಪ, ಬಚ್ಚಲ ಕೊಪ್ಪರಿಗೆ ಸೋರುತ್ತಿದೆ ಎಂದರೂ ಬೈಸಿಕೊಳ್ಳುತ್ತಿದ್ದರು.

ಕಳೆದ ವಾರ ಶುಭಾ ನಮ್ಮ ಮನೆಗೆ ಬಂದಿದ್ದಾಗ ಮದುವೆ ಬ್ರೋಕರ್ ಫೋನ್ ಮಾಡಿದ. ಹುಡುಗ ಉಪನ್ಯಾಸಕ, ಸಜ್ಜನರ ಮನೆ, ಊರು ಚಿತ್ರದುರ್ಗದ ಕಡೆ ಎಂದ.

"ಬಯಲುಸೀಮೆಯವರಾ?" ನನ್ನ ದನಿ ತಾನಾಗಿಯೇ ರಾಗ ಎಳೆಯಿತು. "ನಾವು ಮಲೆನಾಡಿನವರು ಕಣ್ರೀ. ಆ ಬಿಸಿಲನ್ನ ನಮ್ಮ ಹುಡುಗಿ ಹೇಗೆ ತಡೀತಾಳೆ?"

ಶುಭಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಭಾನುವಾರ ಜನ್ನಾಪುರಕ್ಕೆ ಬರೋಕೆ ಹೇಳಿ," ಎಂದಳು. "ನಮ್ಮಕ್ಕ ಅವತ್ತು ಇರಲ್ಲ."